ದೊಡ್ಡ ಕಣ್ಣಿನ ಹುಡುಗಿ, ಮಾಂಸದ ಉಡುಪು: ಏನಿದು ಪಾಪ್ ಸರ್ರಿಯಲಿಸಂ?

ಗೊಂಬೆಯಂಥ ಬಿಳಿಚಿದ ಮುಖ, ಅಗಲವಾದ ಕಣ್ಣು, ಮೈತುಂಬ ಹಳೇ ಕಾಲದ ಗೌನು. ಮೊದಲ ನೋಟಕ್ಕೆ ಮುದ್ದಾದ ಹುಡುಗಿ. ಹತ್ತಿರ ಹೋಗಿ ನೋಡಿದರೆ ಆ ಗೌನು ಬಟ್ಟೆಯದಲ್ಲ, ಹಸಿ ಮಾಂಸದ ತುಂಡುಗಳದ್ದು! ಅಮೆರಿಕದ ಕಲಾವಿದ ಮಾರ್ಕ್ ರೈಡನ್ 2009ರಲ್ಲಿ ರಚಿಸಿದ 'ಇನ್‌ಕಾರ್ನೇಷನ್' ಚಿತ್ರವಿದು. ಮರುವರ್ಷ ಗಾಯಕಿ ಲೇಡಿ ಗಾಗಾ ಎಂಟಿವಿ ಪ್ರಶಸ್ತಿ ಸಮಾರಂಭಕ್ಕೆ ಮಾಂಸದ ಉಡುಪು ತೊಟ್ಟು ಬಂದಾಗ ಹಲವರು ಈ ಚಿತ್ರವನ್ನು ನೆನಪಿಸಿಕೊಂಡರು.

ರೈಡನ್ ಹೆಸರು ಕೇಳದವರೂ ಅವರ ಕೆಲಸ ನೋಡಿರುವ ಸಾಧ್ಯತೆ ಹೆಚ್ಚು. ಮೈಕಲ್ ಜಾಕ್ಸನ್ ಅವರ 1991ರ 'ಡೇಂಜರಸ್' ಆಲ್ಬಂನ ಮುಖಪುಟ, ಆ ಕಣ್ಣುಗಳು ಮತ್ತು ಸರ್ಕಸ್ಸಿನಂಥ ಲೋಕ, ಅವರದೇ. ಇಂದು ಅವರನ್ನು 'ಪಾಪ್ ಸರ್ರಿಯಲಿಸಂ' ಎಂಬ ಕಲಾಪಂಥದ ದೊಡ್ಡ ಹೆಸರು ಎಂದು ಗುರುತಿಸಲಾಗುತ್ತದೆ.

ಸರ್ರಿಯಲಿಸಂ ಅಂದರೆ ಅತಿವಾಸ್ತವವಾದ. ಡಾಲಿಯಂಥವರು ಕನಸಿನ ತರ್ಕವನ್ನು ಕ್ಯಾನ್ವಾಸಿಗೆ ತಂದರು. ಪಾಪ್ ಆರ್ಟ್‌ನಲ್ಲಿ ಆಂಡಿ ವಾರ್ಹಾಲ್ ಸೂಪ್ ಡಬ್ಬಿಯನ್ನು ಗ್ಯಾಲರಿಗೆ ತಂದರು. ಇವೆರಡನ್ನೂ ಬೆರೆಸಿದರೆ ಪಾಪ್ ಸರ್ರಿಯಲಿಸಂ ಎನ್ನುವುದು ಸುಲಭದ ಉತ್ತರ. ಆದರೆ ಅದು ಅರ್ಧ ಸತ್ಯ ಮಾತ್ರ. ವಾರ್ಹಾಲ್ ಸೂಪ್ ಡಬ್ಬಿಯನ್ನು ದೂರದಿಂದ, ತಣ್ಣಗೆ ನೋಡಿದರು. ಪಾಪ್ ಸರ್ರಿಯಲಿಸ್ಟರು ತಾವು ಬೆಳೆದ ಕಾಮಿಕ್ಸ್, ಕಾರ್ಟೂನ್, ಆಟಿಕೆ, ಬಿಸ್ಕತ್ ಡಬ್ಬಿಗಳನ್ನು ನಿಜಕ್ಕೂ ಪ್ರೀತಿಸುತ್ತಾರೆ. ಪ್ರೀತಿಸುತ್ತಲೇ ಅವುಗಳೊಳಗಿನ ಭಯವನ್ನು ಹೊರಗೆಳೆಯುತ್ತಾರೆ.

ಈ ಪಂಥ ಹುಟ್ಟಿದ್ದು ಕಲಾಶಾಲೆಗಳಲ್ಲಲ್ಲ. ಲಾಸ್ ಏಂಜಲೀಸ್‌ನ ರೇಸ್ ಕಾರು, ಸರ್ಫಿಂಗ್, ಭೂಗತ ಕಾಮಿಕ್ಸ್‌ಗಳ ಬೀದಿಯಲ್ಲಿ. 'ಜಾಪ್ ಕಾಮಿಕ್ಸ್'ಗೆ ಚಿತ್ರ ಬರೆಯುತ್ತಿದ್ದ ರಾಬರ್ಟ್ ವಿಲಿಯಮ್ಸ್ ತಮ್ಮ ಕಲೆಯನ್ನು 'ಲೋಬ್ರೋ', ಅಂದರೆ ಕೆಳದರ್ಜೆಯ ಅಭಿರುಚಿಯದ್ದು, ಎಂದು ತಾವೇ ಕರೆದುಕೊಂಡರು. ಬೈಗುಳವನ್ನೇ ಬಿರುದು ಮಾಡಿಕೊಳ್ಳುವ ಧಾಟಿ ಅದು. 1986ರಲ್ಲಿ ಶುರುವಾದ ಲಾ ಲೂಜ್ ಡಿ ಜೀಸಸ್ ಗ್ಯಾಲರಿ ಇಂಥವರಿಗೆ ಗೋಡೆ ಕೊಟ್ಟಿತು. 1994ರಲ್ಲಿ ವಿಲಿಯಮ್ಸ್ ಮತ್ತು ಗೆಳೆಯರು ಹುಟ್ಟುಹಾಕಿದ 'ಜಕ್ಸ್‌ಟಪೋಸ್' ಪತ್ರಿಕೆ ಓದುಗರನ್ನು ಕೊಟ್ಟಿತು.

'ಕೆಳದರ್ಜೆ' ಎಂಬ ಮಾತಿನ ಹಿಂದೆ ಹಳೆಯ ಜಗಳವೊಂದಿದೆ. 1939ರಲ್ಲಿ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ಒಂದು ಪ್ರಬಂಧ ಬರೆದು ಕಲೆಯನ್ನು ಎರಡು ಪಾಲು ಮಾಡಿದರು. ಒಂದು ಕಡೆ ಹೊಸ ದಾರಿ ಹುಡುಕುವ ಶ್ರೇಷ್ಠ ಕಲೆ. ಇನ್ನೊಂದು ಕಡೆ 'ಕಿಟ್ಶ್'. ಜರ್ಮನ್ ಭಾಷೆಯಿಂದ ಬಂದ ಈ ಪದಕ್ಕೆ ಅಗ್ಗದ, ಅತಿ ಭಾವುಕವಾದ, ರಾಶಿ ರಾಶಿ ತಯಾರಾಗುವ ಸರಕು ಎಂಬ ಅರ್ಥ. ಷೋಕೇಸಿನ ಪಿಂಗಾಣಿ ನಾಯಿಮರಿ, ಪ್ಲಾಸ್ಟಿಕ್ ಗುಲಾಬಿ, ಕೆನ್ನೆಯುಬ್ಬಿದ ಮಗುವಿನ ಪೋಸ್ಟರ್ ಎಂದರೆ ನಮಗೆ ಬೇಗ ಅರ್ಥವಾದೀತು. ಗ್ರೀನ್‌ಬರ್ಗ್ ಪಟ್ಟಿಯಲ್ಲಿ ಪತ್ರಿಕೆಗಳ ಮುಖಪುಟ, ಜಾಹೀರಾತು, ಕಾಮಿಕ್ಸ್, ಹಾಲಿವುಡ್ ಸಿನಿಮಾ ಎಲ್ಲವೂ ಇದ್ದವು. ಅಂದರೆ ಜನಸಾಮಾನ್ಯರಿಗೆ ಇಷ್ಟವಾಗುವ ಬಹುತೇಕ ಎಲ್ಲವೂ.

ಕಿಟ್ಶ್ ಎಂದರೆ ನಕಲಿ ಭಾವನೆ ಎಂಬುದು ಮುಖ್ಯ ಆರೋಪ. ಅದು ಎಷ್ಟು ನಿಜ? ಇದನ್ನು ಒರೆಗೆ ಹಚ್ಚಲು ಮಾರ್ಗರೆಟ್ ಕೀನ್ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗದು.

1960ರ ದಶಕದ ಅಮೆರಿಕದಲ್ಲಿ ತಟ್ಟೆಯಗಲ ಕಣ್ಣುಗಳ, ಅಳುಮೋರೆಯ ಮಕ್ಕಳ ಚಿತ್ರಗಳು ಮನೆಮನೆಯಲ್ಲಿದ್ದವು. ಸೂಪರ್‌ಮಾರ್ಕೆಟ್‌ನಲ್ಲೂ ಅವುಗಳ ಪ್ರಿಂಟ್ ಸಿಗುತ್ತಿತ್ತು. ಚಿತ್ರಗಳ ಮೇಲೆ 'ಕೀನ್' ಎಂಬ ಸಹಿ. ಬರೆದವನು ತಾನೇ ಎಂದು ವಾಲ್ಟರ್ ಕೀನ್ ಹೇಳಿಕೊಂಡು ಹೆಸರು, ಹಣ ಎರಡನ್ನೂ ಮಾಡಿದ. ವಿಮರ್ಶಕರು ಮಾತ್ರ ಮೂಗು ಮುರಿದರು. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಆಯ್ಕೆಯಾಗಿದ್ದ ಕೀನ್ ಚಿತ್ರವೊಂದನ್ನು ಕಟು ವಿಮರ್ಶೆಯ ಬಳಿಕ ಕೈಬಿಡಲಾಯಿತು.

ವಾಸ್ತವದಲ್ಲಿ ಬಣ್ಣ ಹಚ್ಚುತ್ತಿದ್ದದ್ದು ಆತನ ಹೆಂಡತಿ ಮಾರ್ಗರೆಟ್. ಬಾಲ್ಯದಲ್ಲಿ ಕಿವಿಯ ಶಸ್ತ್ರಚಿಕಿತ್ಸೆಯಿಂದ ಆಕೆಯ ಶ್ರವಣಶಕ್ತಿಗೆ ಪೆಟ್ಟು ಬಿದ್ದಿತ್ತು. ಎದುರಿನವರ ಕಣ್ಣು ನೋಡಿ ಮಾತು ಅರ್ಥಮಾಡಿಕೊಳ್ಳುವುದು ಅಭ್ಯಾಸವಾಗಿತ್ತು. ದಾಂಪತ್ಯದಲ್ಲಿ ಗಂಡನ ಬೆದರಿಕೆಗೆ ಅಂಜಿ ವರ್ಷಗಟ್ಟಲೆ ಗುಟ್ಟು ಕಾಪಾಡಿದ ಮಾರ್ಗರೆಟ್, ವಿಚ್ಛೇದನದ ನಂತರ 1970ರಲ್ಲಿ ರೇಡಿಯೊದಲ್ಲಿ ಸತ್ಯ ಹೇಳಿದರು. ಪ್ರಕರಣ ಹೊನಲುಲು ನ್ಯಾಯಾಲಯಕ್ಕೆ ಹೋಯಿತು. 1986ರಲ್ಲಿ ನ್ಯಾಯಾಧೀಶರು ಇಬ್ಬರಿಗೂ ಅಲ್ಲೇ ಚಿತ್ರ ಬರೆಯಲು ಹೇಳಿದರು. ಭುಜ ನೋಯುತ್ತಿದೆ ಎಂದು ವಾಲ್ಟರ್ ಜಾರಿಕೊಂಡ. ಮಾರ್ಗರೆಟ್ 53 ನಿಮಿಷದಲ್ಲಿ ದೊಡ್ಡ ಕಣ್ಣಿನ ಮಗುವನ್ನು ಬರೆದು ಮುಗಿಸಿದರು. ಜ್ಯೂರಿ 40 ಲಕ್ಷ ಡಾಲರ್ ಪರಿಹಾರ ಘೋಷಿಸಿತು. ಮೇಲ್ಮನವಿಯಲ್ಲಿ ಆ ಮೊತ್ತ ರದ್ದಾಯಿತು, ಆದರೆ ಮಾನನಷ್ಟದ ತೀರ್ಪು ಉಳಿಯಿತು. 2014ರಲ್ಲಿ ಟಿಮ್ ಬರ್ಟನ್ ಇದನ್ನೇ 'ಬಿಗ್ ಐಸ್' ಸಿನಿಮಾ ಮಾಡಿದರು. ಮಾರ್ಗರೆಟ್ 2022ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು.

ನಕಲಿಯಾಗಿದ್ದದ್ದು ಚಿತ್ರ ಬರೆದವನೆಂಬ ವಾಲ್ಟರ್‌ನ ಹೇಳಿಕೆ, ಕಣ್ಣುಗಳಲ್ಲಿದ್ದ ದುಃಖವಲ್ಲ. ಪಾಪ್ ಸರ್ರಿಯಲಿಸ್ಟರು ಹಿಡಿದುಕೊಂಡದ್ದು ಈ ಎಳೆಯನ್ನೇ. ರೈಡನ್, ಅವರ ಪತ್ನಿ ಮೇರಿಯನ್ ಪೆಕ್ ಮೊದಲಾದವರ ಕ್ಯಾನ್ವಾಸುಗಳಲ್ಲಿ ಕೀನ್ ಮಕ್ಕಳ ನೆರಳು ಎದ್ದು ಕಾಣುತ್ತದೆ. ವ್ಯತ್ಯಾಸ ಕುಸುರಿಯಲ್ಲಿದೆ. ರೈಡನ್ ಯುರೋಪಿನ ಹಳೆಯ ಚಿತ್ರಕಾರರಂತೆ ತೆಳುವಾದ ತೈಲವರ್ಣದ ಪದರಗಳಲ್ಲಿ, ಒಂದೊಂದು ಕೂದಲೆಳೆಯನ್ನೂ ಬಿಡದೆ ಬರೆಯುತ್ತಾರೆ. ಆಟಿಕೆ, ಜೇನುನೊಣ, ಅಬ್ರಹಾಂ ಲಿಂಕನ್, ಮಾಂಸದಂಗಡಿಯ ಸರಕು ಒಂದೇ ಚೌಕಟ್ಟಿನೊಳಗೆ ಬರುತ್ತವೆ. ಗತಕಾಲ ಸಿಹಿಯಾಗಿಯೇ ಕಾಣುತ್ತದೆ. ಆದರೆ ನಮ್ಮ ಊಟದ ತಟ್ಟೆಗೆ ಬರುವ ಮುನ್ನ ಆ ಮಾಂಸವೂ ಒಂದು ಜೀವವಾಗಿತ್ತು ಎಂಬುದನ್ನು ಚಿತ್ರ ಮರೆಯಲು ಬಿಡುವುದಿಲ್ಲ.

ಹಾಗೆಂದು ಈ ಪಂಥದಲ್ಲಿ ಎಲ್ಲವೂ ಚಿನ್ನವಲ್ಲ. ದೊಡ್ಡ ಕಣ್ಣು, ಬಿಳಿಚಿದ ಮುಖ, ಪಕ್ಕದಲ್ಲೊಂದು ಮೊಲ ಎಂಬ ಸೂತ್ರ ಹಿಡಿದು ಬರೆದ ಚಿತ್ರಗಳು ಇಂಟರ್ನೆಟ್ ತುಂಬ ಇವೆ. ಭಯವಿಲ್ಲದ ಮುದ್ದು ಬರೀ ಅಲಂಕಾರ.

ಭಾರತದಲ್ಲಿ ಕಿಟ್ಶ್ ಎಂದೊಡನೆ ನೆನಪಾಗುವುದು ಕ್ಯಾಲೆಂಡರ್ ಕಲೆ. ರಾಜಾ ರವಿವರ್ಮ 1894ರಲ್ಲಿ ಮುಂಬೈನಲ್ಲಿ ಮುದ್ರಣಾಲಯ ಆರಂಭಿಸಿ ಲಕ್ಷ್ಮಿ, ಸರಸ್ವತಿಯರನ್ನು ಸಾಮಾನ್ಯರ ಗೋಡೆಗೆ ತಂದರು. ಮುಂದೆ ಅದೇ ಮುಂಬೈನಲ್ಲಿ ನಮ್ಮ ಕಲಬುರಗಿಯ ಎಸ್.ಎಂ. ಪಂಡಿತ್ ಸಿನಿಮಾ ಪೋಸ್ಟರ್ ಮತ್ತು ಪೌರಾಣಿಕ ಕ್ಯಾಲೆಂಡರ್‌ಗಳಿಂದ ಮನೆಮಾತಾದರು. ಇವರ ದೇವತೆಗಳಿಗೆ ದಿನವೂ ಪೂಜೆ ನಡೆಯುತ್ತಿದ್ದರೂ ಕಲಾ ವಿಮರ್ಶೆಯಲ್ಲಿ ಈ ಪ್ರಿಂಟ್‌ಗಳಿಗೆ ಬಹುಕಾಲ ಸಿಕ್ಕಿದ್ದು 'ಬಜಾರ್ ಕಲೆ' ಎಂಬ ಹಣೆಪಟ್ಟಿ.

ಆ ಬಜಾರನ್ನೇ ಮತ್ತೆ ತೆರೆದು ನೋಡಿದವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ 2000ರಿಂದ 2004ರವರೆಗೆ ಮಾಡಿದ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಸರಣಿಯಲ್ಲಿ ಅವರು ತಾವೇ ವೇಷ ತೊಟ್ಟು ಕ್ಯಾಲೆಂಡರಿನ ಲಕ್ಷ್ಮಿಯಾಗಿ, ರವಿವರ್ಮನ ಬೆಳದಿಂಗಳ ಹೆಣ್ಣಾಗಿ, ಜಯಲಲಿತಾ ಸಿನಿಮಾದ ಚಾಟಿ ಬೀಸುವ ನಾಯಕಿಯಾಗಿ ಕ್ಯಾಮೆರಾ ಮುಂದೆ ನಿಂತರು. ಇದು ಛಾಯಾಚಿತ್ರ, ಅಭಿನಯ. ಪಾಪ್ ಸರ್ರಿಯಲಿಸಂ ಅಲ್ಲ. ಆದರೆ ಗೋಡೆಯ ಮೇಲಿನ ಚಿತ್ರದೊಳಗೆ ಜೀವಂತ ಹೆಣ್ಣೊಬ್ಬಳು ಹೊಕ್ಕು ನಮ್ಮತ್ತ ನೋಡಿದಾಗ ಆಗುವ ಕಸಿವಿಸಿ, ರೈಡನ್ ಚಿತ್ರದ ಹುಡುಗಿಯ ಗೌನಿನ ಗುಟ್ಟು ತಿಳಿದಾಗ ಆಗುವಂಥದ್ದೇ.