ನವಣೆಗೆ ಮೂರನೆಯ ಹೆಸರು



ಮನೆಯಲ್ಲಿ ಪುಂಡಿ ಪಲ್ಯ ಎನ್ನುವ ನಾವು ಸಂತೆಯಲ್ಲಿ ಗೋಂಗೂರ ಎಂದು ಕೇಳುತ್ತೇವೆ. ತೊಗರಿಯನ್ನು ಕಂದಿ ಎಂದರೂ, ಎಳ್ಳನ್ನು ನುವ್ವುಲು ಎಂದರೂ ನಮಗೆ ಗೊಂದಲವಿಲ್ಲ. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಕಡೆಯವರಿಗೆ ಒಂದು ಪದಾರ್ಥಕ್ಕೆ ಎರಡು ಹೆಸರಿರುವುದು ಹೊಸದಲ್ಲ. ಆದರೆ ಓದಲು ಬಾರದ ಲಿಪಿಯಲ್ಲಿ ಮೂರನೆಯ ಹೆಸರು ಕಂಡರೆ ಕೈ ಹಿಂದೆ ಸರಿಯುತ್ತದೆ. ಅದಕ್ಕೇ ಇಂದು ಚೀನೀ ದಿನಸಿ ಅಂಗಡಿಯ ವಿಷಯ ಮಾತಾಡೋಣ.

ನಮ್ಮ ದೇಶದಲ್ಲಿ ಚೀನೀಯರ ಹಳೆಯ ಬಸ್ತಿ ಎಂದರೆ ಕೋಲ್ಕತ್ತಾದ ಟಿರೆಟ್ಟಾ ಬಜಾರ್. 18ನೇ ಶತಮಾನದ ಕೊನೆಯ ಭಾಗದಿಂದ ಅವರು ಬಂಗಾಳದಲ್ಲಿ ನೆಲೆಸುತ್ತ ಬಂದರು. ಅವರ ಅಡುಗೆಯ ಸಾಮಾನುಗಳು ಈಗ ಹೈದರಾಬಾದಿನ ದೊಡ್ಡ ಅಂಗಡಿಗಳಲ್ಲಿ ಸಿಗುತ್ತವೆ. ಸೋಯಾ ಸಾಸ್, ನೂಡಲ್ಸ್ ನಮ್ಮೂರ ಕಿರಾಣಿಗೂ ಬಂದಿವೆ.

ಪೊಟ್ಟಣದ ಹೆಸರನ್ನು ಬದಿಗಿಟ್ಟು ಒಳಗಿರುವುದನ್ನು ನೋಡೋಣ. ಗಾಜಿನ ಎಳೆಯಂತೆ ಹೊಳೆಯುವ ಶ್ಯಾವಿಗೆಯನ್ನು ಹೆಚ್ಚಾಗಿ ನಮ್ಮ ಹೆಸರುಕಾಳಿನ ಪಿಷ್ಟದಿಂದಲೇ ಮಾಡುತ್ತಾರೆ. ಬಿಸಿನೀರಿನಲ್ಲಿ ನೆನೆಸಿದರೆ ಮೆತ್ತಗಾಗುತ್ತದೆ. ಪನೀರಿನಂತೆ ಕಾಣುವ ತೋಫು ಸೋಯಾದ್ದು. ನೆನೆಸಿದ ಕಾಳನ್ನು ರುಬ್ಬಿ, ಹಾಲು ಹಿಂಡಿ, ಕಾಯಿಸಿ, ಒಡೆಸಿ, ಒತ್ತಿ ಗಟ್ಟಿ ಮಾಡುತ್ತಾರೆ. ಕಂದು ಬಣ್ಣದ ಎಳ್ಳೆಣ್ಣೆ ಹುರಿದ ಎಳ್ಳಿನದು. ಕರಿಯುವುದಕ್ಕಲ್ಲ, ಕೊನೆಯಲ್ಲಿ ಘಮಕ್ಕೆ ನಾಲ್ಕು ಹನಿ ಸಾಕು.

ಇನ್ನು ಹಳದಿ ಬಣ್ಣದ ಸಣ್ಣ ಕಾಳಿನ ಚೀಲ. ಫೋನಿನ ಹೆಸರಾಗಿ ನೀವು ಕೇಳಿರುವ ಶಾವೋಮಿ ಎಂಬ ಪದ ನೆನಪಿದೆಯೇ? ಚೀನೀ ಭಾಷೆಯಲ್ಲಿ ಅದಕ್ಕೆ ನವಣೆ ಅಕ್ಕಿ ಎಂದರ್ಥ! ನಮ್ಮ ನವಣೆ, ತೆಲುಗಿನ ಕೊರ್ರಲು, ಅವರ ಶಾವೋಮಿ ಎಲ್ಲವೂ ಒಂದೇ. ಸುಮಾರು 8 ಸಾವಿರ ವರ್ಷಗಳ ಹಿಂದೆಯೇ ಉತ್ತರ ಚೀನದ ರೈತರು ನವಣೆ, ಬರಗು ಬೆಳೆಯುತ್ತಿದ್ದರು. ಇಂದಿಗೂ ಅಲ್ಲಿ ನವಣೆಯ ಗಂಜಿ ಮನೆಮನೆಯ ಊಟ.

ಹಾಗೆಂದು ಕಣ್ಣುಮುಚ್ಚಿ ಕೊಳ್ಳಬೇಡಿ. ಮೂರು ಪ್ರಶ್ನೆ ಕೇಳಿ: ಯಾವುದರಿಂದ ಮಾಡಿದ್ದು? ಯಾವ ತಾರೀಖಿನವರೆಗೆ ಬಳಸಬಹುದು? ಹೇಗೆ, ಎಷ್ಟು ತಿನ್ನಬೇಕು?

ಸೋಯಾ ಸಾಸ್ ಎಂದರೆ ಸೋಯಾ, ಗೋಧಿ, ಉಪ್ಪು ಹುದುಗಿಸಿದ ರಸ. ಒಂದು ದೊಡ್ಡ ಚಮಚದಲ್ಲಿ ಸುಮಾರು 2 ಗ್ರಾಂ ಉಪ್ಪಿರುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದ್ದರಿಂದ ಬಿ.ಪಿ. ಇರುವವರು ಎಚ್ಚರ, ಸಾಸ್ ಹಾಕಿದ ಅಡುಗೆಗೆ ಉಪ್ಪನ್ನು ಬೇರೆ ಹಾಕಬೇಡಿ. ಅದರ ಪಕ್ಕದಲ್ಲೇ ಅದೇ ಬಣ್ಣದ ಆಯ್‌ಸ್ಟರ್ ಸಾಸ್ ಇರುತ್ತದೆ. ಅದು ಸಮುದ್ರದ ಸಿಂಪಿಯ ಒಳಗಿನ ಜೀವಿಯ ಮಾಂಸದ ಸಾರದಿಂದ ಮಾಡಿದ್ದು. ಸಸ್ಯಾಹಾರಿಗಳು ಚೌಕದೊಳಗಿನ ಹಸಿರು ಚುಕ್ಕೆ ನೋಡಿ ಕೊಳ್ಳಿ. ಟೇಸ್ಟಿಂಗ್ ಸಾಲ್ಟ್ ಎನ್ನುವ ಬಿಳಿ ಹರಳು ಮೋನೋಸೋಡಿಯಂ ಗ್ಲುಟಮೇಟ್. 1908ರಲ್ಲಿ ಅದನ್ನು ಗುರುತಿಸಿದವರು ಜಪಾನಿನ ವಿಜ್ಞಾನಿ ಕಿಕುನೆ ಇಕೆಡಾ. ವರ್ಷ ತುಂಬದ ಕೂಸಿಗೆ ಅದು ಬೇಡ.

ಚೀನೀ ಅಕ್ಷರ ಓದಲಾಗದಿದ್ದರೂ ಚಿಂತೆಯಿಲ್ಲ. ಕಾಯಿದೆಯಂತೆ ಆಮದಾದ ಪೊಟ್ಟಣದ ಮೇಲೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ವಿವರ, ಆಮದುದಾರರ ವಿಳಾಸ, 14 ಅಂಕಿಗಳ ಲೈಸೆನ್ಸ್ ಸಂಖ್ಯೆ ಇರಬೇಕು. ಶಾಲೆಗೆ ಹೋಗುವ ಮಗಳಿಂದ ಓದಿಸಿರಿ. ಮೊದಲ ಸಲ ಚಿಕ್ಕ ಪೊಟ್ಟಣವನ್ನೇ ತನ್ನಿ.

ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆದರೂ ಅದನ್ನು ಕಾಣದ ಪರದೇಶದವರು ನಮ್ಮ ಅಂಗಡಿಗೆ ಬಂದರೆ ಹೀಗೆಯೇ ಅನುಮಾನಿಸುತ್ತಾರಲ್ಲವೇ? ಅದಕ್ಕಿಂತ ಯೋಚಿಸಬೇಕಾದ ಮಾತೊಂದಿದೆ. ನೂಡಲ್ಸ್ ಬಲ್ಲ ನಮ್ಮ ಮಕ್ಕಳಲ್ಲಿ ಎಷ್ಟು ಜನ ನವಣೆಯ ತೆನೆ ಕಂಡಿದ್ದಾರೆ? ಜಹೀರಾಬಾದ್ ಪಕ್ಕದ ಪಾಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ಹೆಣ್ಣುಮಕ್ಕಳು ಇಂಥ ಬೀಜಗಳನ್ನು ಜೋಪಾನ ಮಾಡಿದ್ದಾರೆ. ಹೊರಗಿನ ರುಚಿ ನೋಡಿ, ತಪ್ಪಿಲ್ಲ. ಮನೆಯ ಕಾಳು ಮಕ್ಕಳಿಗೆ ಪರದೇಶದ್ದಾಗದಂತೆ ವಾರಕ್ಕೊಮ್ಮೆ ನವಣೆ ಅನ್ನವನ್ನೂ ಬಡಿಸಿರಿ.