ಡೀಸೆಲ್ ಲಾರಿಯ ಬಳಸಿದ ಎಣ್ಣೆಯ ಪರೀಕ್ಷೆಯೂ ಅದರ ವರದಿಯನ್ನು ಓದುವ ಕ್ರಮವೂ

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯು ತುಂಗಭದ್ರಾ ನದಿಯ ದಡದಲ್ಲಿರುವ ಗ್ರಾಮವು. ಕರಿಬಸವೇಶ್ವರ ಅಜ್ಜಯ್ಯನವರ ಕ್ಷೇತ್ರವಾದುದರಿಂದ ದೂರದ ಜನರಿಗೂ ಇದು ಪರಿಚಿತವಾಗಿದೆ. ಈ ಸೀಮೆಯಲ್ಲಿ ಭತ್ತವೂ ಕಬ್ಬೂ ಬೆಳೆಯುವುದರಿಂದ ಸುಗ್ಗಿಯ ಕಾಲದಲ್ಲಿ ಲಾರಿಗಳಿಗೆ ಬಿಡುವಿರುವುದಿಲ್ಲ. ಸಾಲವೆತ್ತಿ ಲಾರಿ ಕೊಂಡ ಜಮೀನುದಾರನ ಎಂಜಿನ್ನು ಆ ಕಾಲದಲ್ಲಿ ಕೆಟ್ಟು ನಿಂತರೆ ಬಾಡಿಗೆಯೂ ತಪ್ಪುವುದು, ರಿಪೇರಿಯ ವೆಚ್ಚವೂ ಬೀಳುವುದು; ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಇಂತಹ ಕೇಡನ್ನು ಮುಂಚಿತವಾಗಿ ಅರಿಯಲು ಬಳಸಿದ ಎಣ್ಣೆಯ ಪರೀಕ್ಷೆಯು ಒಳ್ಳೆಯ ಸಾಧನವು. ಅಮೆರಿಕ ದೇಶದ ಡೆನ್ವರ್ ಮತ್ತು ರಿಯೊ ಗ್ರಾಂಡೆ ರೈಲ್ವೆಯವರು 1946ರಲ್ಲಿಯೇ ತಮ್ಮ ಡೀಸೆಲ್ ಎಂಜಿನ್ನುಗಳ ದೋಷಗಳನ್ನು ಎಣ್ಣೆಯಲ್ಲಿದ್ದ ಲೋಹವನ್ನು ಅಳೆದು ಕಂಡುಹಿಡಿದರು.

ಎಣ್ಣೆಯು ಕಪ್ಪಾದರೆ ಕೆಟ್ಟಿತೆಂದು ಅನೇಕರು ತಿಳಿಯುತ್ತಾರೆ. ಇದು ಸರಿಯಲ್ಲ. ಡೀಸೆಲ್ ಉರಿಯುವಾಗ ಹುಟ್ಟುವ ಮಸಿಯನ್ನು ತನ್ನಲ್ಲಿ ಹಿಡಿದಿಡುವುದು ಒಳ್ಳೆಯ ಎಣ್ಣೆಯ ಕೆಲಸವೇ ಆಗಿದೆ. ಬೆರಳಿನಲ್ಲಿ ತಿಕ್ಕಿ ನೋಡುವುದರಿಂದಲೂ ಹೆಚ್ಚೇನೂ ತಿಳಿಯದು.

ವರದಿಯಲ್ಲಿ ಲೋಹಗಳನ್ನು ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲೆಂದು ಬರೆದಿರುತ್ತದೆ. ಕಬ್ಬಿಣವು ಹೆಚ್ಚಾಗಿ ಲೈನರ್, ಕ್ರ್ಯಾಂಕು, ಗಿಯರುಗಳಿಂದ ಬರುವುದು. ಕ್ರೋಮಿಯಮ್ ರಿಂಗುಗಳಿಂದಲೂ, ಅಲ್ಯುಮಿನಿಯಮ್ ಪಿಸ್ಟನ್ನುಗಳಿಂದಲೂ, ಸೀಸವೂ ತಾಮ್ರವೂ ಬೇರಿಂಗು, ಬುಷ್ಷುಗಳಿಂದಲೂ ಬರುವುವು. ಸಿಲಿಕಾನ್ ಎಂಬುದು ಸಾಮಾನ್ಯವಾಗಿ ಧೂಳಿನ ಗುರುತು. ಆದರೆ ಎಂಜಿನ್ನನ್ನು ಈಚೆಗೆ ಬಿಚ್ಚಿ ಜೋಡಿಸಿದ್ದರೆ ಸಂದುಗಳಿಗೆ ಹಚ್ಚಿದ ಅಂಟಿನಿಂದಲೂ ಅದು ಬರಬಹುದು.

ಒಂದು ವರದಿಯಿಂದ ತೀರ್ಮಾನಕ್ಕೆ ಬರುವುದು ಯುಕ್ತವಲ್ಲ, ಹಿಂದಿನದರೊಡನೆ ಹೋಲಿಸತಕ್ಕದ್ದು. ಉದಾಹರಣೆಗೆ, ಒಂದು ಲಾರಿಯ ಎಣ್ಣೆಯು 10,000 ಕಿಲೋಮೀಟರು ಓಡಿದ ಮೇಲೆ ಕಬ್ಬಿಣ 40, ಸಿಲಿಕಾನ್ 8 ಇದ್ದಿತೆಂದೂ, ಮುಂದಿನ 10,000 ಕಿಲೋಮೀಟರಿನಲ್ಲಿ ಕಬ್ಬಿಣ 110, ಸಿಲಿಕಾನ್ 35 ಆಗಿ, ಅಲ್ಯುಮಿನಿಯಮ್ಮೂ ಕ್ರೋಮಿಯಮ್ಮೂ ಏರಿ, ಸೀಸ ತಾಮ್ರಗಳು ಇದ್ದಂತೆಯೇ ಇದ್ದುವೆಂದೂ ಭಾವಿಸೋಣ. ಕಬ್ಬಿಣದ ಅಂಕಿಯನ್ನು ಕಂಡು ಗಾಬರಿಯಾಗಿ ಎಂಜಿನ್ನನ್ನು ಬಿಚ್ಚಿಸುವುದು ದುಡುಕು. ಸೀಸವು ಏರದಿರುವುದರಿಂದ ಬೇರಿಂಗುಗಳು ಕ್ಷೇಮವಾಗಿರುವಂತೆ ತೋರುವುದು. ಮಣ್ಣಿನಲ್ಲಿ ಸಿಲಿಕಾನ್, ಅಲ್ಯುಮಿನಿಯಮ್ ಎರಡೂ ಇರುವುದರಿಂದ, ಇವು ಜೊತೆಯಾಗಿ ಏರಿದಾಗ ಧೂಳು ಒಳಹೊಕ್ಕು ರಿಂಗುಗಳನ್ನೂ ಲೈನರುಗಳನ್ನೂ ಅರೆಯುತ್ತಿದೆಯೆಂದು ಊಹಿಸಬೇಕು. ಒಕ್ಕಣೆಯ ಧೂಳಿನಲ್ಲಿ ನಿಲ್ಲುವ ಲಾರಿಗಳಿಗೆ ಇದು ಆಗಾಗ್ಗೆ ಒದಗುವ ವ್ಯಾಧಿ. ಗಾಳಿಯ ಫಿಲ್ಟರು ಸರಿಯಾಗಿ ಕುಳಿತಿದೆಯೇ, ಅದರಿಂದ ಎಂಜಿನ್ನಿಗೆ ಹೋಗುವ ರಬ್ಬರು ಕೊಳವೆ ಸೀಳಿದೆಯೇ, ಬಿಗಿಪಟ್ಟಿ ಸಡಿಲವಾಗಿದೆಯೇ ಎಂದು ಮೊದಲು ನೋಡತಕ್ಕದ್ದು. ಫಿಲ್ಟರಿನ ಕಾಗದವನ್ನು ನೆಲಕ್ಕೆ ಬಡಿದು ಧೂಳು ಕೊಡಹುವ ಅಭ್ಯಾಸದಿಂದಲೇ ಅದು ಹರಿಯುವುದುಂಟು.

ದೋಷವನ್ನು ಸರಿಪಡಿಸಿ, ಎಣ್ಣೆಯನ್ನು ಬದಲಿಸಿ, 5,000 ಕಿಲೋಮೀಟರಿಗೆ ಮತ್ತೆ ಪರೀಕ್ಷಿಸಬೇಕು. ಆಗ ಕಬ್ಬಿಣವು 25 ಇದ್ದರೆ ಸಾವಿರ ಕಿಲೋಮೀಟರಿಗೆ 5 ಆಯಿತು. ಹಿಂದೆ ಇದು 11 ಆಗಿದ್ದಿತು. ಲಾರಿಯನ್ನು ನಿಶ್ಚಿಂತೆಯಿಂದ ಓಡಿಸಬಹುದು. ಸಿಲಿಕಾನ್ ಇಳಿದೂ ಕಬ್ಬಿಣವು 50ರ ಮೇಲೆಯೇ ನಿಂತರೆ ರಿಂಗುಗಳು ಆಗಲೇ ಸವೆದಿರಬಹುದು. ಕಂಪ್ರೆಷನ್ ಪರೀಕ್ಷೆ ಮಾಡಿಸಿ, ಸುಗ್ಗಿ ಮುಗಿದೊಡನೆ ರಿಪೇರಿಗೆ ಹಣ ಹೊಂದಿಸಿಕೊಳ್ಳುವುದು ಮೇಲು.

ಎಣ್ಣೆಯು ತೆಳುವಾಗಿದ್ದು ಡೀಸೆಲ್ ಬೆರೆತಿದೆಯೆಂದು ವರದಿಯಿದ್ದರೆ ಇಂಜೆಕ್ಟರುಗಳನ್ನು ತೋರಿಸಬೇಕು. ಮಸಿ ಮಿತಿಮೀರಿದರೆ ಎಣ್ಣೆಯು ಗಟ್ಟಿಯಾಗುವುದು. ನೀರಿನ ಅಂಶದೊಡನೆ ಸೋಡಿಯಮ್ ಅಥವಾ ಪೊಟ್ಯಾಸಿಯಮ್ ಏರಿದ್ದರೆ ರೇಡಿಯೇಟರಿನ ನೀರು ಸೋರಿ ಬೆರೆಯುತ್ತಿರಬಹುದು. ಇಂತಹ ಲಾರಿಯನ್ನು ಒಂದು ಬಾಡಿಗೆಗೂ ಕಳುಹಿಸಬಾರದು. ನದಿಗೆ ಪ್ರವಾಹ ಬಂದಾಗ ಉಕ್ಕಡಗಾತ್ರಿಯ ರಸ್ತೆಯ ಮೇಲೆ ನೀರು ಹರಿಯುವುದುಂಟು. ಅಂತಹ ನೀರಿನಲ್ಲಿ ನಿಂತ ಲಾರಿಯ ಎಣ್ಣೆಯ ಒಂದು ಹನಿಯನ್ನು ಕಾದ ತಗಡಿನ ಮೇಲೆ ಬಿಟ್ಟು ನೋಡಬೇಕು; ಚಟಪಟನೆ ಸಿಡಿದರೆ ನೀರು ಸೇರಿದೆಯೆಂದೇ ತಿಳಿದು, ಎಂಜಿನ್ನನ್ನು ಚಾಲೂ ಮಾಡದೆ ಎಣ್ಣೆಯನ್ನು ಬದಲಿಸತಕ್ಕದ್ದು.

ಮಾದರಿಯನ್ನು ಎಂಜಿನ್ನು ಬಿಸಿಯಾಗಿರುವಾಗಲೇ, ಮೊದಲು ಬೀಳುವ ಧಾರೆಯನ್ನು ಬಿಟ್ಟು ನಡುವಿನ ಧಾರೆಯಿಂದ, ಒಣಗಿದ ಶುಭ್ರವಾದ ಶೀಸೆಯಲ್ಲಿ ಹಿಡಿಯಬೇಕು. ಡೀಸೆಲ್ಲಿನಿಂದ ತೊಳೆದ ಶೀಸೆಯು ಕೆಲಸಕ್ಕೆ ಬಾರದು. ಎಣ್ಣೆಯ ಹೆಸರು, ಅದು ಓಡಿದ ಕಿಲೋಮೀಟರು, ನಡುವೆ ಎಷ್ಟು ಲೀಟರು ಹೊಸ ಎಣ್ಣೆ ಹಾಕಿತೆಂಬುದು, ಇವುಗಳನ್ನು ಚೀಟಿಯಲ್ಲಿ ಬರೆಯಬೇಕು. ಹೊಸ ಎಣ್ಣೆಯನ್ನು ಪದೇ ಪದೇ ಹಾಕಿದ್ದನ್ನು ಚಾಲಕನು ಮರೆಮಾಚಿದರೆ, ಲೋಹದ ಅಂಕಿಗಳು ನಿಜಕ್ಕಿಂತ ಕಡಿಮೆಯಾಗಿ ತೋರಿ ಸವೆದ ಎಂಜಿನ್ನೂ ಆರೋಗ್ಯವಾಗಿರುವಂತೆ ಕಾಣುವುದು.