ಮೋಟಾರ್ ಸೈಕಲ್ ಎಂಜಿನ್‌ನ ಟ್ಯಾಪೆಟ್ ಸದ್ದು: ಗುರುತಿಸುವ ವಿಧಾನ ಮತ್ತು ಮನೆಯಲ್ಲೇ ಸರಿಪಡಿಸುವ ಕ್ರಮ



ಬೆಳಗಿನ ಹಾಲನ್ನು ಡೇರಿಗೆ ತಲುಪಿಸಲು, ಹಸಿ ಮೇವಿನ ಹೊರೆ ತರಲು, ಗೊಬ್ಬರದ ಮೂಟೆ ಸಾಗಿಸಲು, ತರಕಾರಿಯನ್ನು ಸಂತೆಗೆ ಒಯ್ಯಲು ಇಂದು ನಮ್ಮ ಹಳ್ಳಿಗಳಲ್ಲಿ ಮೋಟಾರ್ ಸೈಕಲ್ಲೇ ಆಧಾರವಾಗಿದೆ. ಬಿತ್ತನೆಯ ಹದವಾಗಲಿ, ಕೊಯ್ದ ತರಕಾರಿಯಾಗಲಿ ವಾಹನ ದುರಸ್ತಿಯಾಗುವವರೆಗೆ ಕಾಯುವುದಿಲ್ಲ. ಆದ್ದರಿಂದ ಬೇಸಾಯಶಾಸ್ತ್ರಕ್ಕೆ ನೇರವಾಗಿ ಸೇರದಿದ್ದರೂ, ರೈತರು ಆಗಾಗ ಕೇಳುವ ಒಂದು ಪ್ರಶ್ನೆಯನ್ನು ಇಲ್ಲಿ ವಿವರಿಸಲಾಗಿದೆ. ಎಂಜಿನ್‌ನ ಮೇಲ್ಭಾಗದಿಂದ 'ಟಿಕ್ ಟಿಕ್' ಎಂಬ ಸದ್ದು ಬಂದರೆ ಏನು ಮಾಡಬೇಕು?

ಎಲೆ ಹಳದಿಯಾದಾಕ್ಷಣ ಯೂರಿಯಾ ಎರಚಬಾರದೆಂದು ನಾವು ಸದಾ ಹೇಳುತ್ತೇವೆ. ಹಳದಿಗೆ ಸಾರಜನಕದ ಕೊರತೆ ಕಾರಣವಿರಬಹುದು, ಕಬ್ಬಿಣದ ಕೊರತೆಯಿರಬಹುದು, ನೀರು ನಿಂತು ಬೇರು ಕೊಳೆತಿರಲೂಬಹುದು. ಎಂಜಿನ್ ಸದ್ದಿಗೂ ಇದೇ ನಿಯಮ ಅನ್ವಯಿಸುತ್ತದೆ. ಮೊದಲು ಕಾರಣ ಗುರುತಿಸಬೇಕು, ಅನಂತರ ಸ್ಪ್ಯಾನರ್ ಹಿಡಿಯಬೇಕು.

ಸದ್ದು ಹುಟ್ಟುವ ಬಗೆ

ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಗಾಳಿ ಮತ್ತು ಪೆಟ್ರೋಲ್ ಮಿಶ್ರಣ ಒಳಬರಲು ಒಂದು ವಾಲ್ವ್, ಸುಟ್ಟ ಹೊಗೆ ಹೊರಹೋಗಲು ಇನ್ನೊಂದು ವಾಲ್ವ್ ಇರುತ್ತದೆ. ಕ್ಯಾಮ್ ಶಾಫ್ಟ್ ತಿರುಗಿದಂತೆ ರಾಕರ್ ಆರ್ಮ್ ಎಂಬ ಸಣ್ಣ ಸನ್ನೆಯು ಏತದ ಮರದಂತೆ ಒಂದು ತುದಿಯಲ್ಲಿ ಮೇಲೆದ್ದು, ಇನ್ನೊಂದು ತುದಿಯಿಂದ ವಾಲ್ವನ್ನು ಒತ್ತಿ ತೆರೆಯುತ್ತದೆ. ಎಂಜಿನ್ ನಿಮಿಷಕ್ಕೆ ಸುಮಾರು 1400 ಸುತ್ತಿನಲ್ಲಿ ನಿಧಾನವಾಗಿ ಓಡುತ್ತಿರುವಾಗಲೂ ಪ್ರತಿ ವಾಲ್ವ್ ನಿಮಿಷಕ್ಕೆ 700 ಬಾರಿ ತೆರೆದು ಮುಚ್ಚುತ್ತದೆ.

ರಾಕರ್‌ನ ತುದಿಗೂ ವಾಲ್ವಿನ ತಲೆಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಕಾದಾಗ ವಾಲ್ವ್ ಉದ್ದವಾಗುವುದರಿಂದ ಅದಕ್ಕೆ ಈ ಜಾಗ ಬೇಕು. ಸಣ್ಣ ಎಂಜಿನ್‌ಗಳಲ್ಲಿ ಈ ಸಂದು ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಇರುತ್ತದೆ. ನಿಮ್ಮ ವಾಹನಕ್ಕೆ ನಿಗದಿಯಾದ ನಿಖರ ಅಳತೆಯನ್ನು ಅದರ ಕೈಪಿಡಿಯಿಂದಲೇ ತಿಳಿಯಬೇಕು. ಸಂದು ಹೆಚ್ಚಾದರೆ ರಾಕರ್ ವಾಲ್ವನ್ನು ಒತ್ತುವ ಬದಲು ಕುಟ್ಟುತ್ತದೆ. ಆ ಕುಟ್ಟುವಿಕೆಯೇ ಟ್ಯಾಪೆಟ್ ಸದ್ದು.

ಸದ್ದಿಲ್ಲದ ಟ್ಯಾಪೆಟ್ ಹೆಚ್ಚು ಅಪಾಯಕಾರಿ

ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ಸಂದು ಹೆಚ್ಚಾದ ಟ್ಯಾಪೆಟ್ ಸದ್ದು ಮಾಡಿ ಎಚ್ಚರಿಸುತ್ತದೆ. ಸಂದು ಕಡಿಮೆಯಾದ ಟ್ಯಾಪೆಟ್ ಸದ್ದಿಲ್ಲದೆ ವಾಲ್ವನ್ನು ಸುಡುತ್ತದೆ.

ಹೊಗೆಯ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ಮುಚ್ಚಿಕೊಂಡಿರುವ ಕ್ಷಣಗಳಲ್ಲಿ ತಾನು ಕೂರುವ ಸೀಟಿಗೆ ಬಿಟ್ಟುಕೊಟ್ಟು ತಣಿಯುತ್ತದೆ. ಸಂದು ಇಲ್ಲದಿದ್ದರೆ ವಾಲ್ವ್ ಪೂರ್ಣವಾಗಿ ಕೂರುವುದಿಲ್ಲ. ಬೆಂಕಿಯಂತಹ ಅನಿಲ ಅದರ ಅಂಚಿನಲ್ಲೇ ನುಗ್ಗಿ ಹೋಗುತ್ತದೆ. ಕ್ರಮೇಣ ಅಂಚು ಸುಟ್ಟು ಒತ್ತಡ ಸೋರುತ್ತದೆ. ಬಿಸಿಯಾದ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗದಿರುವುದು, ಕಿಕ್ ಹಗುರವಾಗುವುದು, ಏರಿನಲ್ಲಿ ಶಕ್ತಿ ಕುಂದುವುದು ಇದರ ಲಕ್ಷಣಗಳು.

ಹಲವು ವರ್ಷಗಳ ಹಿಂದೆ ನನ್ನ ಕ್ಷೇತ್ರ ಭೇಟಿಯ ವಾಹನದಲ್ಲಿ ಸದ್ದು ಬಂದಾಗ, 'ಸದ್ದು ಪೂರ್ತಿ ನಿಲ್ಲಬೇಕು' ಎಂದು ನಾನೇ ಒತ್ತಾಯಿಸಿ ಟ್ಯಾಪೆಟ್ ಬಿಗಿ ಮಾಡಿಸಿದ್ದೆ. ಎಂಜಿನ್ ಹೊಸದರಂತೆ ಮೌನವಾಯಿತು. ಕೆಲವೇ ತಿಂಗಳಲ್ಲಿ ಹೊಗೆಯ ವಾಲ್ವ್ ಸುಟ್ಟು ಹೆಡ್ ಬಿಚ್ಚಿಸಬೇಕಾಯಿತು. ತಪ್ಪು ನನ್ನ ಬೇಡಿಕೆಯದಾಗಿತ್ತು. ಸರಿಯಾದ ಸಂದಿನಲ್ಲಿಯೂ ಮೃದುವಾದ ಟಿಕ್ ಟಿಕ್ ಕೇಳಿಸುವುದು ಸಹಜ.

ಸದ್ದುಗಳನ್ನು ಬೇರ್ಪಡಿಸುವುದು

ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್‌ನ ಬೇರೆ ಬೇರೆ ಭಾಗಗಳಿಗೆ ತಾಗಿಸಿ, ಹಿಡಿಯನ್ನು ಕಿವಿಯ ಬಳಿ ಹಿಡಿದರೆ ಸದ್ದಿನ ಮೂಲ ತಿಳಿಯುತ್ತದೆ. ತಿರುಗುವ ಭಾಗಗಳಿಂದಲೂ ಬಿಸಿಯಾದ ಸೈಲೆನ್ಸರ್‌ನಿಂದಲೂ ದೂರವಿರಬೇಕು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣಾಪಾಯ ತರುತ್ತದೆ.

• ಎಂಜಿನ್ ಹೆಡ್‌ನಿಂದ ಸಮ ಲಯದ 'ಟಿಕ್ ಟಿಕ್', ಎಂಜಿನ್ ವೇಗದೊಂದಿಗೆ ಅದೂ ವೇಗವಾಗುತ್ತದೆ: ಟ್ಯಾಪೆಟ್ ಸಂದು ಹೆಚ್ಚಾಗಿದೆ.
• ಎಂಜಿನ್‌ನ ಒಂದು ಪಕ್ಕದಿಂದ ಸರಪಳಿ ಜಾಲಾಡಿಸಿದಂತಹ ಸದ್ದು, ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚು: ಟೈಮಿಂಗ್ ಚೈನ್ ಅಥವಾ ಅದರ ಟೆನ್ಷನರ್ ಸವೆದಿದೆ.
• ಸೈಲೆನ್ಸರ್ ಎಂಜಿನ್‌ಗೆ ಸೇರುವಲ್ಲಿ 'ಚಟ್ ಚಟ್' ಸದ್ದು, ಸುತ್ತ ಕಪ್ಪು ಮಸಿ: ಅಲ್ಲಿನ ಪ್ಯಾಕಿಂಗ್ ಸೋರುತ್ತಿದೆ. ಇದನ್ನು ಟ್ಯಾಪೆಟ್ ಎಂದು ತಪ್ಪು ತಿಳಿಯುವವರು ಬಹಳ.
• ಹೊರೆ ಹೇರಿ ಟಾಪ್ ಗೇರಿನಲ್ಲಿ ಏರು ಹತ್ತುವಾಗ ಮಾತ್ರ ಲೋಹದ ಕಿಣಿಕಿಣಿ: ಎಂಜಿನ್ ತಿಣುಕುತ್ತಿದೆ. ಗೇರ್ ಇಳಿಸಿರಿ, ಆಗಲೂ ನಿಲ್ಲದಿದ್ದರೆ ಪೆಟ್ರೋಲ್‌ನ ಗುಣಮಟ್ಟ ಮತ್ತು ಎಂಜಿನ್ನಿನೊಳಗಿನ ಇಂಗಾಲದ ಪದರವನ್ನು ಪರೀಕ್ಷಿಸಿಸಿರಿ.
• ಎಂಜಿನ್‌ನ ಕೆಳಭಾಗದಿಂದ ಭಾರವಾದ 'ಗಡ ಗಡ': ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಇರಬಹುದು. ಎಂಜಿನ್ ಕೂಡಲೇ ನಿಲ್ಲಿಸಿರಿ, ಓಡಿಸಿಕೊಂಡು ಹೋಗಬೇಡಿ.
• 2020ರ ಏಪ್ರಿಲ್ ನಂತರದ ಬಿಎಸ್-6 ವಾಹನಗಳಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕೂಡ ಸಣ್ಣಗೆ ಟಿಕ್ ಎನ್ನುತ್ತದೆ. ಇದು ದೋಷವಲ್ಲ.

ಮೊದಲು ಎಂಜಿನ್ ಆಯಿಲ್ ನೋಡಿರಿ

ಆಯಿಲ್ ಕಡಿಮೆಯಾದರೆ ಮೊದಲು ಬಾಯಾರುವುದು ಎಂಜಿನ್‌ನ ಮೇಲ್ಭಾಗ. ಎಂಜಿನ್ ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಅಷ್ಟೇ ಹೊತ್ತು ಬಿಟ್ಟು, ಸಮತಟ್ಟು ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ ಆಯಿಲ್ ಕಡ್ಡಿಯನ್ನು ಪರೀಕ್ಷಿಸಬೇಕು. ಮಟ್ಟ ಎರಡು ಗೆರೆಗಳ ನಡುವೆ ಇರಬೇಕು. ಹೊಲದ ದಾರಿಯ ದೂಳು, ಮೊದಲ ಗೇರಿನ ಭಾರದ ಓಟ ಆಯಿಲನ್ನು ಬೇಗ ಕೆಡಿಸುತ್ತವೆ. ಟ್ರ್ಯಾಕ್ಟರ್ ಅಥವಾ ಕಾರಿಗೆ ತಂದ ಆಯಿಲನ್ನು ಬೈಕಿಗೆ ಸುರಿಯಬಾರದು. ಬೈಕಿನ ಕ್ಲಚ್ ಇದೇ ಆಯಿಲಿನಲ್ಲಿ ಮುಳುಗಿರುವುದರಿಂದ ಅದು ಜಾರುವ ಸಂಭವವಿದೆ. ಆಯಿಲ್ ಬದಲಿಸಿದ ಮೇಲೆಯೇ ಸದ್ದು ಕಡಿಮೆಯಾದರೆ ಮುಂದಿನ ಕೆಲಸದ ಅಗತ್ಯ ಬೀಳದಿರಬಹುದು.

ಸಂದು ಹೊಂದಿಸುವ ಕ್ರಮ

ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ 97.2 ಸಿಸಿ ಸ್ಪ್ಲೆಂಡರ್ ಬಗೆಯ ಎಂಜಿನ್ನನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಇದರಲ್ಲಿ ಸ್ಕ್ರೂ ಮತ್ತು ಲಾಕ್ ನಟ್ ಮೂಲಕ ಸಂದು ಹೊಂದಿಸಬಹುದು. ತೆಳು ಬಿಲ್ಲೆಗಳಿಂದ ಸಂದು ಹೊಂದಿಸುವ ಎಂಜಿನ್‌ಗಳನ್ನೂ ವಾರಂಟಿ ಅವಧಿಯ ವಾಹನಗಳನ್ನೂ ಮನೆಯಲ್ಲಿ ಬಿಚ್ಚಬಾರದು.

ಬೇಕಾಗುವ ಸಾಮಗ್ರಿ: ಫೀಲರ್ ಗೇಜ್, ರಿಂಗ್ ಸ್ಪ್ಯಾನರ್‌ಗಳು, ಪ್ಲಗ್ ಸ್ಪ್ಯಾನರ್, ಟ್ಯಾಪೆಟ್ ಸ್ಕ್ರೂ ಹಿಡಿಯುವ ಕೀ, ಒಣ ಬಟ್ಟೆ, ಒಂದು ತಟ್ಟೆ.

1. ರಾತ್ರಿಯಿಡೀ ತಣಿದ ಎಂಜಿನ್ ಮೇಲೆ ಬೆಳಿಗ್ಗೆ ಕೆಲಸ ಮಾಡಿರಿ. ಬಿಸಿ ಎಂಜಿನ್‌ನಲ್ಲಿ ತೆಗೆದ ಅಳತೆ ಸರಿಯಿರುವುದಿಲ್ಲ.

2. ಹೆಡ್‌ನ ಸುತ್ತಲಿನ ಮಣ್ಣು, ದೂಳನ್ನು ಪೂರ್ತಿ ಒರೆಸಿರಿ. ಒಳಗೆ ಬಿದ್ದ ಒಂದು ಮರಳಿನ ಕಣವೂ ಕ್ಯಾಮನ್ನು ಸವೆಸುತ್ತದೆ. ಗಾಳಿ ಬೀಸುವ ಕಣದ ಪಕ್ಕದಲ್ಲಿ ಈ ಕೆಲಸ ಬೇಡ.

3. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿರಿ. ಆಗ ಎಂಜಿನ್ ಕೈಯಿಂದ ಹಗುರವಾಗಿ ತಿರುಗುತ್ತದೆ.

4. ಹೆಡ್‌ನ ಮೇಲಿನ ಮತ್ತು ಕೆಳಗಿನ ಟ್ಯಾಪೆಟ್ ಮುಚ್ಚಳಗಳನ್ನು ಬಿಚ್ಚಿರಿ. ಈ ಎಂಜಿನ್‌ನ ಸಿಲಿಂಡರ್ ಮಲಗಿದಂತಿರುವುದರಿಂದ ಮೇಲಿನದು ಒಳಬರುವ ವಾಲ್ವ್, ಕೆಳಗಿನದು ಹೊಗೆಯ ವಾಲ್ವ್. ಕೆಳಗಿನ ಮುಚ್ಚಳದಿಂದ ಆಯಿಲ್ ತೊಟ್ಟಿಕ್ಕುತ್ತದೆ, ತಟ್ಟೆ ಇಡಿ. ರಾಕರ್ ಆಯಿಲಿನಿಂದ ತೇವವಾಗಿರಬೇಕು. ಒಣಗಿ ಕಪ್ಪಾಗಿದ್ದರೆ ಆಯಿಲ್ ಮೇಲಕ್ಕೆ ಬರುತ್ತಿಲ್ಲವೆಂದರ್ಥ. ಕೆಲಸ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿರಿ.

5. ಎಡಬದಿಯ ಕವರಿನ ಎರಡು ಮುಚ್ಚಳಗಳನ್ನು ತೆಗೆದು, ನಡುವಿನ ನಟ್ಟಿಗೆ ಬಾಕ್ಸ್ ಸ್ಪ್ಯಾನರ್ ಹಾಕಿ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿರಿ. ಫ್ಲೈವೀಲ್ ಮೇಲಿನ ಇಂಗ್ಲಿಷಿನ 'ಟಿ' ಅಕ್ಷರದ ಗೆರೆ ಕವರಿನ ಗುರುತಿಗೆ ಹೊಂದಬೇಕು. ಹತ್ತಿರದಲ್ಲೇ ಇರುವ 'ಎಫ್' ಗುರುತಿಗೆ ಮೋಸಹೋಗಬೇಡಿ.

6. ಎರಡೂ ರಾಕರ್‌ಗಳನ್ನು ಬೆರಳಿನಿಂದ ಅಲುಗಾಡಿಸಿ ನೋಡಿರಿ. ಎರಡರಲ್ಲಿಯೂ ಸಣ್ಣ ಆಟವಿದ್ದರೆ ಪಿಸ್ಟನ್ ಸರಿಯಾದ ಹೊಡೆತದ ತುದಿಯಲ್ಲಿದೆ. ಬಿಗಿಯಾಗಿದ್ದರೆ ಇನ್ನೊಂದು ಪೂರ್ಣ ಸುತ್ತು ತಿರುಗಿಸಿ 'ಟಿ' ಗುರುತಿಗೆ ತನ್ನಿರಿ. ಆಗಲೂ ಒಂದು ರಾಕರ್ ಅಲುಗದಿದ್ದರೆ ಆ ವಾಲ್ವಿಗೆ ಸಂದೇ ಉಳಿದಿಲ್ಲವೆಂದು ತಿಳಿಯಬೇಕು.

7. ಕೈಪಿಡಿಯ ಅಳತೆಯ ಎಲೆಯನ್ನು ಸಂದಿಗೆ ತೂರಿಸಿರಿ. ಅದು ತುಸು ಹಿಡಿದಂತೆ ಜಾರಬೇಕು. ಅದಕ್ಕಿಂತ ದಪ್ಪನೆಯ ಮುಂದಿನ ಎಲೆ ಹೋಗಬಾರದು. ಹೊಂದಿಸುವ ಮುನ್ನ ಈಗಿರುವ ಸಂದನ್ನು ಬರೆದಿಡಿ.

8. ಲಾಕ್ ನಟ್ ಸಡಿಲಿಸಿ, ಎಲೆ ಸಂದಿನಲ್ಲಿರುವಂತೆಯೇ ಸ್ಕ್ರೂ ತಿರುಗಿಸಿ ಹೊಂದಿಸಿರಿ. ಸ್ಕ್ರೂ ಅಲುಗದಂತೆ ಹಿಡಿದು ಲಾಕ್ ನಟ್ ಬಿಗಿ ಮಾಡಿರಿ. ಬಿಗಿ ಮಾಡುವಾಗ ಸಂದು ಬದಲಾಗುವುದುಂಟು, ಆದ್ದರಿಂದ ಮತ್ತೆ ಅಳೆಯಿರಿ.

9. ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ, 'ಟಿ' ಗುರುತಿಗೆ ತಂದು ಕೊನೆಯ ಬಾರಿ ಅಳೆಯಿರಿ. ಮುಚ್ಚಳಗಳ ರಬ್ಬರ್ ರಿಂಗ್ ಹರಿದಿದ್ದರೆ ಬದಲಿಸಿರಿ. ಪ್ಲಗ್ಗನ್ನು ಮೊದಲು ಕೈಯಿಂದ ಸುತ್ತಿ, ಅನಂತರ ಸ್ಪ್ಯಾನರ್‌ನಿಂದ ಬಿಗಿಗೊಳಿಸಿರಿ.

ಸಂದು ಸರಿಯಿದ್ದರೂ ಸದ್ದು ನಿಲ್ಲದಿದ್ದರೆ

ಸ್ಕ್ರೂವನ್ನು ಮತ್ತಷ್ಟು ಬಿಗಿ ಮಾಡಬೇಡಿ. ಸ್ಕ್ರೂವಿನ ತುದಿ ಸವೆದು ಗುಳಿ ಬಿದ್ದಿದ್ದರೆ ಫೀಲರ್ ಎಲೆ ಗುಳಿಯ ಅಂಚಿನ ಮೇಲೆಯೇ ಸೇತುವೆಯಂತೆ ಕೂತು ತಪ್ಪು ಅಳತೆ ತೋರಿಸುತ್ತದೆ. ಅಂತಹ ಸ್ಕ್ರೂ ಬದಲಿಸಬೇಕು. ಕ್ಯಾಮ್ ಅಥವಾ ರಾಕರ್ ಸವೆದಿದ್ದರೆ ಮೆಕ್ಯಾನಿಕ್ ಬಳಿಯೇ ಹೋಗಬೇಕು.

ಬೆಳೆಯ ದಿನಚರಿಯಂತೆ ವಾಹನಕ್ಕೂ ಒಂದು ಪುಟ ಮೀಸಲಿಡಿ. ದಿನಾಂಕ, ಓಡಿದ ಕಿಲೋಮೀಟರ್, ಹೊಂದಿಸುವ ಮೊದಲಿನ ಸಂದು, ನಂತರದ ಸಂದು ಬರೆಯಿರಿ. ಪ್ರತಿ ಸಲವೂ ಹೊಗೆಯ ವಾಲ್ವಿನ ಸಂದು ಕಿರಿದಾಗುತ್ತಾ ಬಂದಿದ್ದರೆ ವಾಲ್ವ್ ಸೀಟಿನೊಳಕ್ಕೆ ಇಳಿಯುತ್ತಿದೆ ಎಂದರ್ಥ. ಸುಗ್ಗಿಯ ನಡುವೆ ವಾಹನ ನಿಲ್ಲುವ ಮೊದಲೇ, ಬಿಡುವಿನ ದಿನಗಳಲ್ಲಿ ಹೆಡ್ ಕೆಲಸ ಮಾಡಿಸಿಕೊಳ್ಳಬಹುದು.

ನಾಲ್ಕು ಹೊಡೆತದ ಪೆಟ್ರೋಲ್ ಪಂಪ್‌ಸೆಟ್ ಮತ್ತು ಕಳೆ ತೆಗೆಯುವ ಯಂತ್ರಗಳಿಗೂ ಇದೇ ತತ್ವ ಅನ್ವಯಿಸುತ್ತದೆ. ಅಳತೆ ಮಾತ್ರ ಬೇರೆ.

ಹಳೆಯ ಆಯಿಲ್ ಮಣ್ಣಿಗೆ ಬೇಡ

ಬಸಿದ ಆಯಿಲನ್ನು ಬದುವಿಗೆ, ಚರಂಡಿಗೆ, ಬಾವಿಯ ಪಕ್ಕಕ್ಕೆ ಸುರಿಯಬಾರದು. ಗೆದ್ದಲಿಗೆಂದು ಗಿಡದ ಬುಡಕ್ಕೂ ಹಾಕಬಾರದು. ಅದು ಮಣ್ಣಿನ ಜೀವಿಗಳನ್ನು ಕೊಲ್ಲುತ್ತದೆ, ನೀರನ್ನು ಕೆಡಿಸುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಸಿ, ಹಳೆಯ ಆಯಿಲ್ ಸಂಗ್ರಹಿಸುವ ಸರ್ವಿಸ್ ಕೇಂದ್ರಕ್ಕೆ ಕೊಡಿ. ಕೀಟನಾಶಕದ ಡಬ್ಬಿ, ಆಲಿಕೆಗಳನ್ನು ಆಯಿಲ್ ಕೆಲಸಕ್ಕೆ ಎಂದಿಗೂ ಬಳಸಬಾರದು.

ವಿಸ್ತರಣಾ ಕಾರ್ಯಕರ್ತರು ರೈತರ ಗುಂಪು ಸಭೆಗಳಲ್ಲಿ ಒಂದು ಫೀಲರ್ ಗೇಜ್ ಹಿಡಿದು ಈ ಪ್ರಾತ್ಯಕ್ಷಿಕೆ ನೀಡಬಹುದು. ಸದ್ದನ್ನು ಅಡಗಿಸುವುದಲ್ಲ, ಸಂದನ್ನು ಸರಿಯಾಗಿ ಇಡುವುದೇ ಈ ಕೆಲಸದ ಗುರಿ ಎಂಬುದನ್ನು ಮರೆಯದೆ ತಿಳಿಸಬೇಕು.